ಮೈಸೂರಿನ ಜಾವಾ ಕಾರ್ಖಾನೆಯ ಆದಿಚರಿತ್ರೆ

ಪರದೇಶದ ಯಂತ್ರವೊಂದು ಹಡಗಿನಲ್ಲಿ ಬಂದಿಳಿಯುವುದು ಬೇರೆ. ಅದನ್ನು ನಿರ್ಮಿಸುವ ಕೌಶಲವು ಈ ನೆಲದಲ್ಲಿ ಬೇರೂರುವುದು ಬೇರೆ. ಮೊದಲನೆಯದಕ್ಕೆ ಹಣವಿದ್ದರೆ ಸಾಕು. ಎರಡನೆಯದಕ್ಕೆ ಕಾಲವೂ ಬೇಕು, ಪಳಗಿದ ಕೈಗಳೂ ಬೇಕು. ಮೈಸೂರಿನ ಯಾದವಗಿರಿಯಲ್ಲಿ ತಲೆಯೆತ್ತಿದ ಜಾವಾ ಮೋಟಾರು ಸೈಕಲ್ ಕಾರ್ಖಾನೆಯ ಆದಿಚರಿತ್ರೆಯು ಇದಕ್ಕೊಂದು ನಿದರ್ಶನ.

ಜಾವಾ ಎಂದೊಡನೆ ಪೂರ್ವಸಮುದ್ರದ ದ್ವೀಪವು ನೆನಪಾಗುವುದು ಸಹಜ. ಆದರೆ ಆ ದ್ವೀಪಕ್ಕೂ ಈ ವಾಹನಕ್ಕೂ ಸಂಬಂಧವಿಲ್ಲ. ಜೆಕೊಸ್ಲೊವಾಕಿಯಾದ ಪ್ರಾಗ್ ನಗರದಲ್ಲಿ ಶಸ್ತ್ರಾಸ್ತ್ರಗಳನ್ನು ತಯಾರಿಸುತ್ತಿದ್ದ ಫ್ರಾಂತಿಷೆಕ್ ಯಾನೆಚೆಕ್ ಎಂಬ ಯಂತ್ರಶಿಲ್ಪಿಯು, ಯುದ್ಧಾನಂತರ ಆ ಸರಕಿಗೆ ಬೇಡಿಕೆ ಕುಗ್ಗಲು, 1929ರಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರು ಸೈಕಲ್ ವಿಭಾಗವನ್ನು ಕೊಂಡನು. ರೋಮನ್ ಲಿಪಿಯಲ್ಲಿ ತನ್ನ ಹೆಸರಿನ ಮೊದಲೆರಡು ಅಕ್ಷರಗಳಿಗೆ ವಾಂಡರರ್ ಹೆಸರಿನ ಮೊದಲೆರಡು ಅಕ್ಷರಗಳನ್ನು ಕೂಡಿಸಿ ಈ ಹೆಸರನ್ನು ಕಟ್ಟಿದನು. ಮೊದಲ ವಾಹನವು 500 ಸಿ.ಸಿ.ಯದು, ಭಾರವೂ ಹೆಚ್ಚು, ಬೆಲೆಯೂ ಹೆಚ್ಚು. 1932ರಲ್ಲಿ ಇಂಗ್ಲೆಂಡಿನ ವಿಲಿಯರ್ಸ್ ಎಂಜಿನ್ನನ್ನು ಅಳವಡಿಸಿದ 175 ಸಿ.ಸಿ.ಯ ಅಗ್ಗದ ವಾಹನವು ಹೊರಬಂದ ಮೇಲೆಯೇ ಜಾವಾ ಜನಸಾಮಾನ್ಯರ ಕೈಗೆ ಎಟುಕಿತು. ಹೀಗೆ ಜಾವಾ ಸಂಸ್ಥೆಯೂ ಎರವಲು ವಿದ್ಯೆಯಿಂದಲೇ ಬೆಳೆದುದೆಂಬುದು ಗಮನಾರ್ಹ.

ಸ್ವಾತಂತ್ರ್ಯಾನಂತರ ಭಾರತ ಸರ್ಕಾರವು ವಿದೇಶೀ ವಾಹನಗಳ ಆಮದನ್ನು ಬಿಗಿಗೊಳಿಸಿತು. ತಂದು ಮಾರುವ ಹಾದಿ ಮುಚ್ಚಿದಾಗ, ಇಲ್ಲಿಯೇ ನಿರ್ಮಿಸುವ ಹಾದಿಯೊಂದೇ ಉಳಿಯಿತು. ರುಸ್ತುಂ ಇರಾನಿ, ಫರೂಕ್ ಇರಾನಿಯವರು ಜಾವಾ ಸಂಸ್ಥೆಯಿಂದ ಅನುಮತಿ ಪಡೆದು, 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪೆನಿಯನ್ನು ಸ್ಥಾಪಿಸಿದರು. 1961ರಲ್ಲಿ, ಆಗ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜೇಂದ್ರ ಒಡೆಯರು ಕಾರ್ಖಾನೆಯನ್ನು ಉದ್ಘಾಟಿಸಿದರು. 1923ರಲ್ಲಿಯೇ ಭದ್ರಾವತಿಯಲ್ಲಿ ಕಬ್ಬಿಣದ ಕುಲುಮೆಯನ್ನು ಹೊತ್ತಿಸಿದ್ದ ಮೈಸೂರು ಸೀಮೆಗೆ ಯಂತ್ರೋದ್ಯಮವು ಹೊಸದೇನೂ ಆಗಿರಲಿಲ್ಲ.

ಇಲ್ಲಿ ಮೊದಲು ತಯಾರಾದುದು 250 ಸಿ.ಸಿ. ವರ್ಗದ, ಎರಡು ಹೊಡೆತದ ಎಂಜಿನ್ನಿನ ವಾಹನ. ಪೆಟ್ರೋಲಿಗೆ ಎಣ್ಣೆಯನ್ನು ಬೆರೆಸಿಯೇ ತುಂಬಬೇಕು. ಸಿಲಿಂಡರು ಒಂದೇ ಆದರೂ ಹೊಗೆ ಕೊಳವೆಗಳು ಎರಡು. ಗೇರು ಬದಲಿಸುವ ಸನ್ನೆಯನ್ನೇ ಹಿಂದಕ್ಕೆ ತಿರುಗಿಸಿ ತುಳಿದರೆ ಎಂಜಿನ್ ಚಾಲೂ ಆಗುತ್ತಿತ್ತು. ಆರಂಭದಲ್ಲಿ ಬಿಡಿಭಾಗಗಳು ಜೆಕೊಸ್ಲೊವಾಕಿಯಾದಿಂದ ಬರುತ್ತಿದ್ದವು; ಬರಬರುತ್ತಾ ಇಲ್ಲಿನ ಕೆಲಸಗಾರರೇ ಅವನ್ನು ಎರಕ ಹೊಯ್ದು, ಕಡೆದು, ಜೋಡಿಸಲು ಕಲಿತರು.

1973ರಿಂದ ಜಾವಾ ಎಂಬ ಹೆಸರನ್ನು ಬಿಟ್ಟು, ವಾಹನಗಳು ಯೆಜ್ದಿ ಎಂಬ ಸ್ವಂತ ಹೆಸರಿನಲ್ಲಿ ಹೊರಟವು. ಎರವಲಾಗಿ ಬಂದ ವಿದ್ಯೆಯು ಹನ್ನೆರಡು ವರ್ಷಗಳಲ್ಲಿ ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವಷ್ಟು ಬಲಿತಿತ್ತು. 1996ರಲ್ಲಿ ಕಾರ್ಖಾನೆಯು ಮುಚ್ಚಿತು. ಆದರೂ ಅಲ್ಲಿ ತಯಾರಾದ ವಾಹನಗಳನ್ನು ಬಿಚ್ಚಿ, ಜೋಡಿಸಿ, ಓಡಿಸಬಲ್ಲ ಕೈಗಳು ನಾಡಿನಲ್ಲಿ ಇಂದಿಗೂ ಉಳಿದಿವೆ. ಕಟ್ಟಡಕ್ಕಿಂತ ಕೌಶಲದ ಆಯುಸ್ಸೇ ದೊಡ್ಡದು.