ನಾಳೆ ಬಾ: ವದಂತಿಯ ಚರಿತ್ರೆ ಮತ್ತು ಮನುಷ್ಯನ ಮನಸ್ಸು

ಇತಿಹಾಸವೆಂದರೆ ರಾಜರ ಹೆಸರು ಮತ್ತು ಯುದ್ಧಗಳ ಇಸವಿ ಎಂದು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಭಾವಿಸುತ್ತಾರೆ. ಆದರೆ ಜನಸಾಮಾನ್ಯರು ಏನನ್ನು ನಂಬಿದರು, ನಂಬಿ ಏನು ಮಾಡಿದರು ಎಂಬುದಕ್ಕೂ ಒಂದು ಇತಿಹಾಸವಿದೆ. ಆ ಇತಿಹಾಸದಲ್ಲಿ ನೀವೂ ಇದ್ದೀರಿ, ನಾನೂ ಇದ್ದೇನೆ, ನಮ್ಮ ಬೆಂಗಳೂರಂತೂ ಇದ್ದೇ ಇದೆ. ಮನುಷ್ಯ ವದಂತಿಯನ್ನು ಇಷ್ಟು ಬೇಗ ಏಕೆ ನಂಬುತ್ತಾನೆ ಎಂಬ ಪ್ರಶ್ನೆಗೆ ವಿಕಾಸ ಮನೋವಿಜ್ಞಾನ ಎಂಬ ಶಾಸ್ತ್ರ ಏನು ಉತ್ತರ ಕೊಡುತ್ತದೆ ಎಂಬುದನ್ನು ನಮ್ಮ ನಾಡಿನ ಘಟನೆಗಳ ಮೂಲಕವೇ ನೋಡೋಣ.

ಬಾಗಿಲ ಮೇಲಿನ ಎರಡು ಪದ

1990ರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಮನೆಗಳ ಬಾಗಿಲು, ಗೋಡೆಗಳ ಮೇಲೆ 'ನಾಳೆ ಬಾ' ಎಂಬ ಎರಡು ಪದಗಳು ಕಾಣಿಸಿಕೊಂಡವು. ರಾತ್ರಿ ಹೊತ್ತು ಒಂದು ದೆವ್ವ ಬಂದು ಮನೆಯವರ ದನಿಯಲ್ಲೇ ಕರೆಯುತ್ತದೆ, ಬಾಗಿಲು ತೆರೆದವರಿಗೆ ಉಳಿಗಾಲವಿಲ್ಲ, ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದರೆ ಅದನ್ನು ಓದಿಕೊಂಡು ಹಿಂದಿರುಗುತ್ತದೆ ಎಂಬ ಸುದ್ದಿ ಬೀದಿಯಿಂದ ಬೀದಿಗೆ ಹಬ್ಬಿತ್ತು. ಹಳಬರನ್ನು ಕೇಳಿದರೆ ಇಂದಿಗೂ ನಗುತ್ತಾ ಹೇಳುತ್ತಾರೆ. ದೆವ್ವಕ್ಕೆ ಕನ್ನಡ ಓದಲು ಬರುತ್ತದೆಯೇ ಎಂದು ಆಗ ಕೇಳಿದವರು ಕಡಿಮೆ. ಕೇಳಿದವರೂ ಬರೆಯುವುದನ್ನು ಬಿಟ್ಟಿರಲಾರರು. ಏಕೆ?

ಹಗ್ಗವೋ, ಹಾವೋ

ನಮ್ಮ ಹಿರಿಯರು ಹೇಳುವ ಹಗ್ಗ ಮತ್ತು ಹಾವಿನ ದೃಷ್ಟಾಂತ ನಿಮಗೆ ಗೊತ್ತು. ಮಬ್ಬುಗತ್ತಲಲ್ಲಿ ಬಿದ್ದಿರುವ ಹಗ್ಗವನ್ನು ಹಾವೆಂದು ತಿಳಿದು ಹಾರಿದರೆ ಆಗುವ ನಷ್ಟ ಅಲ್ಪ. ಹಾವನ್ನು ಹಗ್ಗವೆಂದು ತಿಳಿದು ತುಳಿದರೆ ಪ್ರಾಣವೇ ಹೋದೀತು. ಎರಡೂ ತಪ್ಪುಗಳೇ, ಆದರೆ ಎರಡರ ಬೆಲೆ ಒಂದೇ ಅಲ್ಲ. ಲಕ್ಷಾಂತರ ವರ್ಷ ಕಾಡು ಬಯಲುಗಳಲ್ಲಿ ಬದುಕಿದ ಮಾನವ ಕುಲದಲ್ಲಿ, ಸುಮ್ಮನೆ ಹೆದರಿದವರು ಉಳಿದರು. ಅತಿಯಾದ ಧೈರ್ಯ ತೋರಿದವರ ಸಂತತಿ ಕಡಿಮೆಯಾಯಿತು ಎಂಬುದು ಈ ಶಾಸ್ತ್ರದವರ ವಾದ. ಅಮೆರಿಕದ ವೈದ್ಯ ರ‍್ಯಾಂಡಾಲ್ಫ್ ನೆಸ್ಸಿ ಇದನ್ನು ಹೊಗೆಯ ಎಚ್ಚರಿಕೆ ಗಂಟೆಗೆ ಹೋಲಿಸಿದರು. ಒಗ್ಗರಣೆ ಹೊಗೆಗೂ ಹೊಡೆದುಕೊಳ್ಳುವ ಗಂಟೆ ಕಿರಿಕಿರಿ ಮಾಡುತ್ತದೆ, ಆದರೆ ಬೆಂಕಿ ಬಿದ್ದಾಗ ಸುಮ್ಮನಿರುವ ಗಂಟೆಗಿಂತ ಅದೇ ಮೇಲು.

'ನಾಳೆ ಬಾ' ಬರೆದವರ ಲೆಕ್ಕವೂ ಇದೇ. ಸುದ್ದಿ ಸುಳ್ಳಾದರೆ ಹೋಗುವುದು ಒಂದು ಚೂರು ಸೀಮೆಸುಣ್ಣ. ನಿಜವಾಗಿದ್ದರೆ ಉಳಿಯುವುದು ಜೀವ. ಡೇನಿಯಲ್ ಫೆಸ್ಲರ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲೂ ಜನರು ಲಾಭದ ಸುದ್ದಿಗಿಂತ ಅಪಾಯದ ಸುದ್ದಿಯನ್ನೇ ಹೆಚ್ಚು ನಂಬುವುದು ಕಂಡುಬಂತು. ಪ್ಯಾಸ್ಕಲ್ ಬೋಯರ್ ಮತ್ತು ನೋರಾ ಪ್ಯಾರೆನ್ 2015ರಲ್ಲಿ ಇನ್ನೊಂದು ಅಂಶವನ್ನು ತೋರಿಸಿದರು: ಅಪಾಯದ ಸುದ್ದಿ ಹೇಳುವವನು ಕೇಳುವವರ ಕಣ್ಣಿಗೆ ಹೆಚ್ಚು ತಿಳಿದವನಂತೆ ಕಾಣುತ್ತಾನೆ. ಬೀದಿಯಲ್ಲಿ ಮೊದಲು ಸುದ್ದಿ ತಂದವನಿಗೆ ಸಿಗುವ ಗೌರವವನ್ನು ನೀವೇ ಕಂಡಿದ್ದೀರಿ.

ಬಿಹಾರದ ಭೂಕಂಪ ಕಲಿಸಿದ ಪಾಠ

ವದಂತಿಯನ್ನು ಶಾಸ್ತ್ರೀಯವಾಗಿ ಅಧ್ಯಯನ ಮಾಡಿದ ಮೊದಲಿಗರಲ್ಲಿ ನಮ್ಮ ದೇಶದವರೇ ಇದ್ದಾರೆ ಎಂಬುದು ಹೆಮ್ಮೆಯ ಸಂಗತಿ. 1934ರ ಜನವರಿ 15ರಂದು ಬಿಹಾರ ಮತ್ತು ನೇಪಾಳದಲ್ಲಿ ಭೀಕರ ಭೂಕಂಪವಾಗಿ ಸಾವಿರಾರು ಜನ ಸತ್ತರು. ಆ ಮೇಲೆ ಹಬ್ಬಿದ ವದಂತಿಗಳನ್ನು ಮನೋವಿಜ್ಞಾನಿ ಜಮುನಾ ಪ್ರಸಾದ್ ಸಂಗ್ರಹಿಸಿ 1935ರಲ್ಲಿ ಪ್ರಬಂಧವಾಗಿ ಪ್ರಕಟಿಸಿದರು. ಗಂಗೆಯ ನೀರೇ ಮಾಯವಾಯಿತಂತೆ, ಚಂದ್ರಗ್ರಹಣದ ದಿನ ಮತ್ತೆ ಘೋರ ಭೂಕಂಪವಂತೆ ಎಂಬಂಥ ಸುದ್ದಿಗಳು ಅದರಲ್ಲಿದ್ದವು. ಇವು ಹಬ್ಬಿದ್ದು ನೆಲ ನಡುಗಿದರೂ ಹೆಚ್ಚು ಹಾನಿಯಾಗದ ಊರುಗಳಲ್ಲಿ. ಮುಂದೆ ದುರ್ಗಾನಂದ ಸಿನ್ಹಾ ಅವರು 1950ರ ಡಾರ್ಜಿಲಿಂಗ್ ಭೂಕುಸಿತವನ್ನು ಅಧ್ಯಯನ ಮಾಡಿದಾಗ, ನಿಜವಾಗಿ ಹಾನಿಗೊಳಗಾದ ಸ್ಥಳದಲ್ಲಿ ಅಂಥ ವದಂತಿಗಳು ಕಾಣಲಿಲ್ಲ.

ಅಮೆರಿಕದ ಲಿಯಾನ್ ಫೆಸ್ಟಿಂಜರ್ ಈ ಒಗಟಿನ ಬೆನ್ನು ಹತ್ತಿದರು. ಹಾನಿಯಾಗದ ಊರಿನವರ ಎದೆಯಲ್ಲಿ ಭಯ ಹೊಕ್ಕಿತ್ತು, ಆದರೆ ಕಣ್ಣೆದುರು ಭಯಕ್ಕೆ ಕಾರಣವಿರಲಿಲ್ಲ. ಭಯಕ್ಕೆ ತಕ್ಕ ಕಾರಣವನ್ನು ಮನಸ್ಸು ತಾನೇ ಹುಡುಕಿಕೊಂಡಿತು ಎಂದು ಅವರು ವಿವರಿಸಿದರು. 1957ರಲ್ಲಿ ಅವರು ಮಂಡಿಸಿದ ಜಗತ್ಪ್ರಸಿದ್ಧ ಸಿದ್ಧಾಂತದ ಬೀಜಗಳಲ್ಲಿ ಬಿಹಾರದ ಈ ವದಂತಿಗಳೂ ಒಂದು.

2012ರ ಆಗಸ್ಟ್

ಈಗ ಬೆಂಗಳೂರಿಗೆ ಹಿಂದಿರುಗೋಣ. 2012ರ ಜುಲೈನಲ್ಲಿ ಅಸ್ಸಾಮಿನ ಕೊಕ್ರಝಾರ್ ಭಾಗದಲ್ಲಿ ಬೋಡೋ ಜನರ ಮತ್ತು ಬಂಗಾಳಿ ಮಾತನಾಡುವ ಮುಸ್ಲಿಮರ ನಡುವೆ ಹಿಂಸೆ ನಡೆದು ಲಕ್ಷಾಂತರ ಜನ ಮನೆ ಬಿಟ್ಟರು. ಅದಾದ ಕೆಲವೇ ವಾರಗಳಲ್ಲಿ, ರಂಜಾನ್ ಮುಗಿದ ಮೇಲೆ ಈಶಾನ್ಯದವರ ಮೇಲೆ ಬೆಂಗಳೂರಿನಲ್ಲಿ ದಾಳಿ ನಡೆಯುತ್ತದೆ ಎಂಬ ಸಂದೇಶಗಳು ಮೊಬೈಲ್‌ಗಳಲ್ಲಿ ಹರಿದಾಡಿದವು. ಆಗಸ್ಟ್ 15ರಂದು, ಸ್ವಾತಂತ್ರ್ಯ ದಿನದಂದೇ, ನಗರದ ರೈಲು ನಿಲ್ದಾಣ ಗಂಟುಮೂಟೆ ಹೊತ್ತ ಯುವಕ ಯುವತಿಯರಿಂದ ತುಂಬಿಹೋಯಿತು. ಸಾವಿರಾರು ಜನ ಗುವಾಹಟಿಯ ವಿಶೇಷ ರೈಲುಗಳನ್ನು ಹತ್ತಿದರು. ಸೆಕ್ಯುರಿಟಿ ಕೆಲಸದವರು, ಹೋಟೆಲ್ ಕಾರ್ಮಿಕರು, ಕಾಲೇಜು ವಿದ್ಯಾರ್ಥಿಗಳು ಅವರಲ್ಲಿದ್ದರು. ಮಂತ್ರಿಗಳು, ಪೊಲೀಸರು, ಮುಸ್ಲಿಂ ಸಂಘಟನೆಗಳ ಹಿರಿಯರು ಧೈರ್ಯ ಹೇಳಿದರೂ ಹೊರಟವರು ಹೊರಟೇ ಹೋದರು. ಆಗಸ್ಟ್ 17ರಂದು ಕೇಂದ್ರ ಸರ್ಕಾರ ಸಾಮೂಹಿಕ ಎಸ್ಸೆಮ್ಮೆಸ್‌ಗಳನ್ನು 15 ದಿನ ನಿಷೇಧಿಸಿ, ಒಮ್ಮೆಗೆ 5ಕ್ಕಿಂತ ಹೆಚ್ಚು ಜನರಿಗೆ ಕಳುಹಿಸದಂತೆ ಮಾಡಿತು. ಆಗಸ್ಟ್ 20ರಂದು ಈದ್ ಬಂತು, ಹೋಯಿತು. ಸಂದೇಶ ಹೇಳಿದ ದಾಳಿ ನಡೆಯಲಿಲ್ಲ.

ಓಡಿದವರನ್ನು ಮೂರ್ಖರೆನ್ನುವುದು ನ್ಯಾಯವಲ್ಲ. ಊರಿನಲ್ಲಿ ಬೆಂಕಿ ಬಿದ್ದಿತ್ತು, ಇಲ್ಲಿ ಅವರು ಪರಸ್ಥಳದವರು. ಹಾವೋ ಹಗ್ಗವೋ ಎಂದು ನಿಂತು ನೋಡುವ ಧೈರ್ಯ ಅವರಿಗೆ ಎಲ್ಲಿಂದ ಬರಬೇಕು? ಆದರೆ ಇನ್ನೊಂದು ನಷ್ಟವನ್ನೂ ಗಮನಿಸಿ. ಯಾವ ಹಬ್ಬಕ್ಕೆ ನೆರೆಹೊರೆಯವರಿಗೆ ಶೀರ್‌ಖುರ್ಮಾ ಹಂಚುತ್ತೇವೋ, ಅದೇ ಹಬ್ಬದ ಹೆಸರಿನಲ್ಲಿ ನಮ್ಮ ಇಡೀ ಸಮುದಾಯವನ್ನು ಯಾರೋ ಕೊಲೆಗಾರರ ಸಾಲಿನಲ್ಲಿ ನಿಲ್ಲಿಸಿದ್ದರು. ಮಾಡದ ತಪ್ಪಿಗೆ ಅನುಮಾನದ ದೃಷ್ಟಿ ಎದುರಿಸುವುದು ಹೇಗಿರುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಸುಣ್ಣದಿಂದ ಕಲ್ಲಿನವರೆಗೆ

2018ರಲ್ಲಿ ಮಕ್ಕಳ ಕಳ್ಳರ ವದಂತಿ ಬಂತು. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನಲ್ಲೇ, ಕೆಲಸ ಹುಡುಕಿ ಬಂದಿದ್ದ ರಾಜಸ್ಥಾನದ ಯುವಕನನ್ನು ಗುಂಪು ಹೊಡೆದು ಕೊಂದಿತು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನ ಒಬ್ಬ ಮುಸ್ಲಿಂ ಇಂಜಿನಿಯರ್ ಕೊಲೆಯಾದರು. ಅವರ ಜೊತೆಗಾರರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಅನುಮಾನಕ್ಕೆ ಕಾರಣ. ಅದೇ ತಿಂಗಳು ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗೆ ಮಾತ್ರ ಕಳುಹಿಸುವಂತೆ ಮಿತಿ ಹಾಕಿತು.

ಈ ಮೂರು ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡಿ. 'ನಾಳೆ ಬಾ' ಬರೆದವನು ತನ್ನ ಹೆದರಿಕೆಗೆ ತಾನೇ ಬೆಲೆ ತೆತ್ತ, ಅದು ಒಂದು ಚೂರು ಸುಣ್ಣ. 2012ರಲ್ಲಿ ಓಡಿದವನು ಕೆಲಸ, ಓದು, ಕೈಯಲ್ಲಿದ್ದ ಹಣ ಕಳೆದುಕೊಂಡ. 2018ರಲ್ಲಿ ಹೆದರಿದವರು ಒಬ್ಬರು, ಪ್ರಾಣ ತೆತ್ತವನು ಇನ್ನೊಬ್ಬ. ಹಗ್ಗ ಕಂಡು ಹಾರುವುದು ಬೇರೆ, ಹಗ್ಗವೆಂದು ನೋಡದೆ ದಾರಿಹೋಕನ ತಲೆಗೆ ಹೊಡೆಯುವುದು ಬೇರೆ. ಹಳೆಯ ಕಾಲದ ಚಿಕ್ಕ ಗುಂಪಿನಲ್ಲಿ ಸುಳ್ಳು ಕೂಗು ಹಾಕಿದವನನ್ನು ನಾಲ್ಕು ಜನ ಗುರುತಿಡುತ್ತಿದ್ದರು. ಮನುಷ್ಯ ಸ್ಥಿರವಾದ ಸಂಬಂಧ ಇಟ್ಟುಕೊಳ್ಳಬಲ್ಲದ್ದು ಸುಮಾರು 150 ಜನರೊಂದಿಗೆ ಎಂದು ರಾಬಿನ್ ಡನ್ಬಾರ್ ಅಂದಾಜು ಮಾಡಿದ್ದಾರೆ. ಲಕ್ಷಾಂತರ ಮೊಬೈಲ್‌ಗಳ ನಗರದಲ್ಲಿ ಸುಳ್ಳು ಕೂಗಿದವನಿಗೆ ಮುಖವೇ ಇಲ್ಲ.

ಸಹಜವಾದದ್ದೆಲ್ಲ ಸರಿಯಲ್ಲ

ಒಂದು ಎಚ್ಚರಿಕೆಯ ಮಾತು. ವಿಕಾಸ ಮನೋವಿಜ್ಞಾನದ ಪ್ರತಿ ವಿವರಣೆಯನ್ನೂ ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ಪ್ರತಿಯೊಂದು ಗುಣಕ್ಕೂ ಹಿಂದಿನ ಕಾಲದ ಒಂದು ಉಪಯೋಗವನ್ನು ಕಲ್ಪಿಸಿಕೊಳ್ಳುವ ಪ್ರವೃತ್ತಿಯನ್ನು 1979ರಲ್ಲೇ ಗೌಲ್ಡ್ ಮತ್ತು ಲೆವಾಂಟಿನ್ ಎಂಬ ಜೀವವಿಜ್ಞಾನಿಗಳು ಟೀಕಿಸಿದ್ದರು. ಮನೋವಿಜ್ಞಾನದ ಪ್ರಯೋಗಗಳು ಬಹುಪಾಲು ಪಾಶ್ಚಾತ್ಯ ದೇಶಗಳ ಜನರ ಮೇಲೆಯೇ ನಡೆದಿವೆ ಎಂದು 2010ರಲ್ಲಿ ಜೋಸೆಫ್ ಹೆನ್ರಿಚ್ ಮತ್ತು ಸಂಗಡಿಗರು ಎಚ್ಚರಿಸಿದರು. ಎಲ್ಲಕ್ಕಿಂತ ಮುಖ್ಯವಾಗಿ, ಭಯ ಸಹಜವೆಂದ ಮಾತ್ರಕ್ಕೆ ಭಯದಿಂದ ಮಾಡಿದ ಅನ್ಯಾಯಕ್ಕೆ ಕ್ಷಮೆಯಿಲ್ಲ. ಹಸಿವೂ ಸಹಜವೇ, ಆದರೂ ನಾವು ರೋಜಾ ಇರುತ್ತೇವೆ.

ಸುಂಕದವನ ಕೆಲಸ

ಸುದ್ದಿಯನ್ನು ಪರೀಕ್ಷಿಸುವ ವಿದ್ಯೆ ನಮ್ಮ ಪರಂಪರೆಗೆ ಹೊಸದಲ್ಲ. ಇಮಾಮ್ ಬುಖಾರಿ (810-870) ಮತ್ತಿತರ ಹದೀಸ್ ವಿದ್ವಾಂಸರು ಒಂದು ಮಾತನ್ನು ಸ್ವೀಕರಿಸುವ ಮುನ್ನ ಅದು ಯಾರಿಂದ ಯಾರಿಗೆ ಬಂತು, ಅವರು ಪರಸ್ಪರ ಭೇಟಿಯಾಗಿದ್ದರೇ, ಅವರ ನಡತೆ ಎಂಥದ್ದು ಎಂದು ಸರಪಳಿಯ ಪ್ರತಿ ಕೊಂಡಿಯನ್ನೂ ವಿಚಾರಿಸುತ್ತಿದ್ದರು. ಆ ಸರಪಳಿಗೆ ಇಸ್ನಾದ್ ಎಂದು ಹೆಸರು. 1377ರಲ್ಲಿ 'ಮುಕದ್ದಿಮಾ' ಬರೆದ ಇತಿಹಾಸಕಾರ ಇಬ್ನ್ ಖಲ್ದೂನ್ ಇನ್ನೊಂದು ಹೆಜ್ಜೆ ಮುಂದಿಟ್ಟರು. ಬನೀ ಇಸ್ರಾಯೀಲರ ಸೈನ್ಯ 6 ಲಕ್ಷವಿತ್ತು ಎಂದು ಹಿಂದಿನವರು ಬರೆದಿದ್ದನ್ನು ಎತ್ತಿಕೊಂಡು, ಅಷ್ಟು ದಂಡು ಆ ನೆಲದಲ್ಲಿ ಹಿಡಿಸುತ್ತದೆಯೇ, ಒಂದು ತುದಿಯವರಿಗೆ ಇನ್ನೊಂದು ತುದಿ ಕಾಣುತ್ತದೆಯೇ ಎಂದು ಕೇಳಿದರು. ಹೇಳಿದವನು ಯಾರು ಎಂಬುದರ ಜೊತೆಗೆ, ಹೇಳಿದ್ದು ಆಗುವ ಮಾತೇ ಎಂಬುದನ್ನೂ ತೂಗಬೇಕೆಂದು ಕಲಿಸಿದರು.

ಪ್ರಿಯ ವಿದ್ಯಾರ್ಥಿಗಳೇ, ನಮ್ಮ ಊರಿನ ಹೆಸರಿನಲ್ಲೇ ಸುಂಕವಿದೆ, ಕಟ್ಟೆಯೂ ಇದೆ. 'ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ' ಎಂಬ ಗಾದೆಯನ್ನು ನಾವು ಬೈಗುಳವಾಗಿ ಬಳಸುತ್ತೇವೆ. ಆದರೆ ಮೊಬೈಲ್ ಕೈಯಲ್ಲಿರುವಾಗ ಸ್ವಲ್ಪ ಸುಂಕದವನಂತೆ ಇರುವುದು ಒಳ್ಳೆಯದು. ಸಂದೇಶ ಎಷ್ಟೇ ಅತ್ತು ಕರೆದು ಬಂದರೂ ಗಾಡಿ ನಿಲ್ಲಿಸಿ ಕೇಳಿ: ಎಲ್ಲಿಂದ ಬಂದೆ? ನಿನ್ನನ್ನು ಕಣ್ಣಾರೆ ಕಂಡವರು ಯಾರು? ನೀನು ಸುಳ್ಳಾದರೆ ಬೆಲೆ ತೆರುವವರು ಯಾರು? ಉತ್ತರ ಸಿಗದಿದ್ದರೆ ಅದನ್ನು ಮುಂದಕ್ಕೆ ಬಿಡಬೇಡಿ. 'ನಾಳೆ ಬಾ' ಎಂದು ಹೇಳಿ ಹಿಂದಕ್ಕೆ ಕಳುಹಿಸಿ.