ಆಪರೇಷನ್ನಿಗೆ ಚೀಲಾ ತುಂಬೋದು

ನಡುಮನ್ಯಾಗ ಒಂದು ಮಂಚ, ಮ್ಯಾಲೆ ಎರಡು ಹಳೇ ಗಾದಿ, ಒಂದು ಹಳೇ ಚಾದರ. 1811ರ ಸೆಪ್ಟೆಂಬರ್ 30ಕ್ಕ ಪ್ಯಾರಿಸ್ಸಿನ ಒಂದು ಮನಿಗೆ ಬಂದ ಡಾಕ್ಟರು ಕೇಳಿದ್ದು ಇವನ್ನ. ಹಳೇವ ಯಾಕ ಅಂತ ನಮಗ್ಯಾರಿಗೂ ಬಿಡಿಸಿ ಹೇಳೋದು ಬ್ಯಾಡ. ರಕ್ತದ ಕಲೆ ಎಷ್ಟು ತಿಕ್ಕಿದ್ರೂ ಹೋಗೂದಿಲ್ಲ.

ಆ ಮನಿಯಾಕಿ ಫ್ಯಾನಿ ಬರ್ನಿ, ಇಂಗ್ಲಿಷಿನ ದೊಡ್ಡ ಕಾದಂಬರಿಕಾರ್ತಿ. ಆಗ ಆಕಿಗೆ 59 ವರ್ಷ. ಎದ್ಯಾಗ ಗಂಟಾಗಿತ್ತು. ಆಪರೇಷನ್ ಮಾಡಿದವರು ನೆಪೋಲಿಯನ್ನನ ಸೈನ್ಯದ ಸರ್ಜನ್ ಲಾರೆ. ಎಚ್ಚರ ತಪ್ಪಿಸೋ ಈಥರ್ ಬಳಕಿಗೆ ಬಂದದ್ದು 1846ಕ್ಕ, ಅಂದ್ರ ಇನ್ನೂ 35 ವರ್ಷ ಆದಮ್ಯಾಲೆ. ಆಕಿ ಏನು ಮಾಡಿದಳು ನೋಡ್ರಿ. ಗಂಡ ಕಣ್ಣಿಂದ ನೋಡಿ ಸಂಕಟ ಪಡಬಾರದು ಅಂತ ಏನೋ ಅವಸರದ ಕೆಲಸದ ನೆವಾ ಹುಟ್ಟಿಸಿ ಅವನ್ನ ಹೊರಗ ಇರೋಹಂಗ ಮಾಡಿದಳು. ಡಾಕ್ಟರು ಬರೋದು ತಡಾ ಆದಾಗ ಕೋಣಿಯೊಳಗ ಹಾಯ್ದು ನೋಡಿದ್ರ ಪಟ್ಟಿ, ಅರಬಿ, ಹತ್ತಿ, ಸ್ಪಂಜಿನ ರಾಶಿ ಬಿದ್ದಿತ್ತು. ಅದನ್ನ ನೋಡೇ ಆಕಿಗೆ ಹೊಟ್ಟಿ ತೊಳಸಿತು. ಆಮ್ಯಾಲೆ ಕರೀ ಬಟ್ಟಿ ಹಾಕ್ಕೊಂಡ ಏಳು ಮಂದಿ ಗಂಡಸರು ಒಳಗ ಬಂದ್ರು. ಮಾರಿ ಮ್ಯಾಲೆ ತೆಳ್ಳಗಿನ ವಸ್ತ್ರ ಹೊಚ್ಚಿದ್ರು, ಅದರೊಳಗಿಂದ ಉಕ್ಕಿನ ಹೊಳಪು ಕಾಣ್ತಿತ್ತು. ಕೆಲಸದಾಕಿ ಓಡಿ ಹೋದಳು, ದಾದಿಯರೊಳಗ ಒಬ್ಬಾಕಿ ಮಾತ್ರ ನಿಂತಳು.

ಇಷ್ಟೆಲ್ಲಾ ನಮಗ ಗೊತ್ತಾಗಿದ್ದು ಆಕಿ ತನ್ನ ಅಕ್ಕ ಎಸ್ತರ್‌ಗೆ ಬರದ ಕಾಗದದಿಂದ. 1812ರ ಮಾರ್ಚಿನಾಗ ಶುರು ಮಾಡಿದ ಕಾಗದ ಮುಗದದ್ದು ಜೂನ್‌ದಾಗ. ಬರಿಯೋದಂದ್ರ ಮತ್ತೊಮ್ಮೆ ಅನುಭವಿಸಿದಂಗ ಅಲ್ಲಾ! ಆದ್ರ ಆಕಿ ಗಟ್ಟಿ. 1840ರ ತನಕಾ ಬದುಕಿದಳು.

ಇದನ್ನ ಈಗ ಯಾಕ ತಗದೆ ಅಂದ್ರ, ನಮ್ಮ ಬಳಗದಾಗ ಒಬ್ಬ ಹುಡುಗಂದು ಬರೋ ತಿಂಗಳ ಟಾಪ್ ಸರ್ಜರಿ ಅದ. ಹೆಸರು ಬರಿಯಂಗಿಲ್ಲ, ಗೊತ್ತಿದ್ದವರಿಗೆ ಗೊತ್ತದ. ಹೆಣ್ಣುಕೂಸು ಅಂತ ನಾವೆಲ್ಲಾ ಎತ್ತಿ ಆಡಿಸಿದ್ದು, ತಾನು ಗಂಡು ಅಂತ ತಿಳಕೊಂಡು ಈಗ ಹಂಗ ಬಾಳೇ ಮಾಡ್ಲಿಕತ್ತದ. ಎದಿ ತಗದು ಗಂಡಸರಂಗ ಸಪಾಟ ಮಾಡೋದಕ್ಕ ಟಾಪ್ ಸರ್ಜರಿ ಅಂತಾರ. ಸುದ್ದಿ ಕೇಳಿದವರೊಳಗ ಅರ್ಧಾ ಮಂದಿ, ಇದೆಲ್ಲಾ ಈಗಿನ ಹುಡುಗರ ಹೊಸಾ ಫ್ಯಾಶನ್ ಅಂದ್ರು. ವೈನಿ, ಈ ಫ್ಯಾಶನ್‌ಗೆ 80 ವರ್ಷ ದಾಟ್ಯದ.

ಮೈಕೇಲ್ ಡಿಲ್ಲನ್ ಅಂತ ಒಬ್ಬ ಇಂಗ್ಲೆಂಡಿನವ. 1915ಕ್ಕ ಹೆಣ್ಣುಕೂಸಾಗಿ ಹುಟ್ಟಿದ. ಹುಟ್ಟಿದ ಸ್ವಲ್ಪ ದಿನಕ್ಕ ತಾಯಿ ತೀರಿಕೊಂಡ್ರು, ಸ್ವಾದರತ್ತಿಗೋಳು ಸಾಕಿದ್ರು. ಆಕ್ಸ್‌ಫರ್ಡಿನ್ಯಾಗ ಓದು, ದೋಣಿ ಪಂದ್ಯದಾಗ ಹೆಸರು. ದೊಡ್ಡ ಯುದ್ಧದ ಕಾಲಕ್ಕ ಬ್ರಿಸ್ಟಲ್ ಊರಾಗ ಒಂದು ಗ್ಯಾರೇಜಿನೊಳಗ ಪೆಟ್ರೋಲ್ ಹಾಕೋ ಕೆಲಸ. ರಾತ್ರಿ ಅಲ್ಲೇ ಇದ್ದು, ಬಾಂಬ್ ಬಿದ್ದು ಬೆಂಕಿ ಹತ್ತೀತೇನು ಅಂತ ಕಾವಲು. ಅಷ್ಟೊತ್ತಿಗೆ ಗಂಡಸರ ಹಾರ್ಮೋನಿನ ಗುಳಿಗಿ ಶುರು ಮಾಡಿದ್ದ. ರಕ್ತದಾಗ ಸಕ್ಕರಿ ಕಡಿಮಿ ಆಗಿ ಚಕ್ಕರ್ ಬಂದು ಬಿದ್ದು ದವಾಖಾನಿಗೆ ಸೇರಿದಾಗ, ಅಲ್ಲಿ ಭೇಟಿಯಾದ ಒಬ್ಬ ಪ್ಲಾಸ್ಟಿಕ್ ಸರ್ಜನ್ 1942ಕ್ಕ ಎದೀ ಆಪರೇಷನ್ ಮಾಡಿದ್ರು. ಅವರ ಚೀಟಿ ಮ್ಯಾಲೆನ ಹುಟ್ಟಿದ ದಾಖಲೆಯೊಳಗ ಹೆಸರು ತಿದ್ದಿಸಿದ. ಮುಂದ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಾಗ ಕಲತು ಡಾಕ್ಟರ್ ಆದ, ಹಡಗದ ಮ್ಯಾಲೆ ನೌಕರಿ ಮಾಡಿದ.

ಅಂವನ ಅಣ್ಣ ಐರ್ಲೆಂಡಿನ ದೊಡ್ಡ ಮನೆತನದ ಜಹಗೀರದಾರ. ದೊಡ್ಡ ಮನೆತನದವರ ವಂಶಾವಳಿ ಅಚ್ಚ ಹಾಕೋ ಪುಸ್ತಕ ಅಲ್ಲಿ ಎರಡದಾವ. ಒಂದರಾಗ ಇಂವ ತಮ್ಮ, ಇನ್ನೊಂದರಾಗ ತಂಗಿ. 1958ಕ್ಕ ಪೇಪರಿನವರಿಗೆ ಅದು ಕಣ್ಣಿಗೆ ಬಿತ್ತು. ಸುದ್ದಿ ಜಗತ್ತೆಲ್ಲಾ ಹಬ್ಬಿ, ಮಾರಿ ತಪ್ಪಿಸಿಕೊಂಡು ಬಂದದ್ದು ನಮ್ಮ ದೇಶಕ್ಕ. ಸಾರನಾಥದಾಗಿದ್ದ, ಲಡಾಖಿನ ಮಠದಾಗಿದ್ದ, ಬೌದ್ಧ ಸನ್ಯಾಸಿಗಳ ಅರಬಿ ಉಟ್ಟ. 1962ರ ಮೇ 15ಕ್ಕ ಡಾಲ್‌ಹೌಸಿಯೊಳಗ ತೀರಿಕೊಂಡ, 47 ವರ್ಷಕ್ಕ. ಸಾಯೋಕಿಂತ ಸ್ವಲ್ಪ ಮುಂಚೆ ಬರದು ಮುಗಿಸಿದ ಆತ್ಮಕಥಿ ಅಚ್ಚಾಗಲಿಕ್ಕೆ ಮತ್ತ 50 ವರ್ಷದ ಮ್ಯಾಲಾತು. ಅಷ್ಟು ಓದಿದವ, ಅಷ್ಟು ಊರು ತಿರುಗಿದವ, ತನ್ನ ಮನಿಗೆ ಮಾತ್ರ ಹೋಗ್ಲಿಕ್ಕಾಗ್ಲಿಲ್ಲ. ಅದು ಓದಿ ನನಗ ಆಪರೇಷನ್ನಿಗಿಂತಾ ಹೆಚ್ಚು ಕೆಟ್ಟನಿಸ್ತು.

ಚೀಲದ ಮಾತಿಗೆ ಬರೋಣು. ಅಮೇರಿಕಾದ ತೆರೀಸ್ ಲ್ಯಾಸರ್ ಅನ್ನಾಕಿಗೆ 1952ಕ್ಕ ಕ್ಯಾನ್ಸರ್ ಆಗಿ ಎದಿ ತಗದ್ರು. ಮನಿಗೆ ಹೋಗಿ ಕೈ ಹೆಂಗ ಎತ್ತಬೇಕು, ಯಾವ ಬಟ್ಟಿ ಹಾಕ್ಕೋಬೇಕು, ಯಾರೂ ಹೇಳಲಿಲ್ಲ. ತಾನು ಸುಧಾರಿಸಿಕೊಂಡ ಮ್ಯಾಲೆ ಹಂಥಾ ಬ್ಯಾರೆ ಹೆಂಗಸರನ್ನ ದವಾಖಾನಿಗೆ ಹೋಗಿ ಭೇಟಿ ಆಗ್ಲಿಕ್ಕೆ ಶುರು ಮಾಡಿದಳು. ಕೈಯಾಗೊಂದು ಕಿಟ್: ವ್ಯಾಯಾಮಕ್ಕ ಹಗ್ಗಾ, ಚೆಂಡು, ಮ್ಯಾಲೆ ಎದಿಗೆ ಇಟ್ಟುಕೊಳ್ಳೋ ಮೆತ್ತನ್ನ ಪ್ಯಾಡ್. ಕೆಲವು ಡಾಕ್ಟರಿಗೆ ಆಕಿ ಬರೋದು ಸೇರಲಿಲ್ಲ, ಆದ್ರೂ ಬಿಡಲಿಲ್ಲ. 1969ಕ್ಕ ಅಮೇರಿಕನ್ ಕ್ಯಾನ್ಸರ್ ಸೊಸೈಟಿನ ಆ ಕೆಲಸ ತನ್ನದು ಮಾಡ್ಕೊಂತು.

ನಮ್ಮ ಹುಡುಗನ ಚೀಲದಾಗ ಆ ಪ್ಯಾಡ್ ಬ್ಯಾಡ. ಆಕಿಗೆ ಹೋದದ್ದು ದುಃಖ, ಇಂವಗ ಹೋಗೋದ ಸಮಾಧಾನ. ಆದ್ರ ಹೊಲಗಿ ಹಾಕಿದ ಎದಿ, ಮ್ಯಾಲೆ ಎತ್ತಲಿಕ್ಕೆ ಬರದ ಕೈ, ಇವು ಇಬ್ಬರಿಗೂ ಒಂದ. ನಮ್ಮೊಳಗ ಕ್ಯಾನ್ಸರ್ ಆಪರೇಷನ್ ಆದವರು ಇದ್ದೀರಿ, ನಿಮಗ ನನಗಿಂತಾ ಹೆಚ್ಚು ಗೊತ್ತದ.

ಮುಂದ ಗುಂಡಿ ಇರೋ ಸಡಿಲ ಅಂಗಿ ಬೇಕು, ತಲಿ ಮ್ಯಾಲಿಂದ ಹಾಕೋವು ಒಂದೂ ಬ್ಯಾಡ. ಕಾರಿನ ಬೆಲ್ಟಿಗೂ ಎದಿಗೂ ನಡುವ ಇಡ್ಲಿಕ್ಕೆ ಸಣ್ಣ ದಿಂಬು. ಬೆನ್ನ ಮ್ಯಾಲೆನ ಮಲಗಬೇಕು, ಅದಕ್ಕ ಬೆನ್ನಿಗೆ ಒರಗಿಸಲಿಕ್ಕೆ ಎರಡು ಮೂರು ದಿಂಬು. ಭಾಳ ಸರ್ತೆ ಎದಿ ಎರಡೂ ಕಡೆ ಸಣ್ಣ ನಳಿಗಿ ಇಟ್ಟಿರ್ತಾರ, ತುದಿಗೆ ರಬ್ಬರಿನ ಬುಗ್ಗಿ. ಅದರಾಗ ಎಷ್ಟು ಎಂ.ಎಲ್. ಬಂತು ಅಂತ ದಿನಾ ಅಳದು ಬರಿಬೇಕು. ಹಾಲಿನ ಲೆಕ್ಕಾ ಬರಿಯೋ ವಹಿಯಂಥಾದ್ದೊಂದು ಸಾಕು, ಪೆನ್ನು ಅದಕ್ಕ ದಾರದಿಂದ ಕಟ್ಟಿಬಿಡ್ರಿ. ಮನ್ಯಾಗ ಮ್ಯಾಲಿನ ಮಾಡದಾಗಿರೋ ಚಹಾ ಸಕ್ಕರಿ ಡಬ್ಬಿ, ಗುಳಿಗಿ, ಚಾರ್ಜರ್ ಎಲ್ಲಾ ಸೊಂಟದ ಮಟಕ್ಕ ಇಳಿಸಿಡಬೇಕು. ಕೊಡಾ ಎತ್ತಂಗಿಲ್ಲ, ಕುಕ್ಕರಿನ ಮುಚ್ಚಳಾ ಸುದ್ದಾ ಜಗ್ಗಂಗಿಲ್ಲ. ನೋವಿನ ಗುಳಿಗಿಗೆ ಮಲಬದ್ಧತೆ ಆಗ್ತದ, ತಿಳಿಸಾರು, ಮೆಂತೆಪಲ್ಯಾ, ಪಪ್ಪಾಯಿ ಇರ್ಲಿ. ಸಿಗರೇಟಿನ ಚಟಾ ಇದ್ರ ವಾರಗಟ್ಟಲೆ ಮೊದಲ ಬಿಡಬೇಕು, ಗಾಯ ಮಾಯೂದಿಲ್ಲ. ಎಷ್ಟು ದಿನಾ ಏನು ಅನ್ನೋದು ಅಂವನ ಡಾಕ್ಟರು ಹೇಳಿದ್ದ ಖರೆ, ನಂದಲ್ಲ.

ಕೈ ಎತ್ತಲಿಕ್ಕೆ ಬರದವರು ತಲಿಗೆ ಎರಕೊಳ್ಳೋದು ಹೆಂಗ? ಇದು ಯಾವ ಲಿಸ್ಟಿನ್ಯಾಗೂ ಇರೂದಿಲ್ಲ. ಹೊಲಗಿ ತೊಯ್ಸಲಿಕ್ಕೆ ಡಾಕ್ಟರು ಅಪ್ಪಣಿ ಕೊಡೋತನಕಾ ಸ್ಟೂಲ್ ಮ್ಯಾಲೆ ಕೂಡಿಸಿ, ಹೆಗಲಿಗೆ ಪ್ಲಾಸ್ಟಿಕ್ ಹೊಚ್ಚಿ, ತಲಿ ಹಿಂದಕ್ಕ ಬಾಗಿಸಿ, ತಂಬಿಗಿಲೆ ಯಾರಾದ್ರೂ ಎರಿಯಬೇಕು. ಅಂವನ ತಾಯಿಗೆ ಇನ್ನೂ ಮನಸ್ಸು ಒಪ್ಪಿಲ್ಲ, ನಾ ಒತ್ತಾಯ ಮಾಡಿಲ್ಲ. ಮೊದಲನೇ ವಾರ ನಾ ಹೋಗ್ತೀನಿ. ಎರಡನೇ ವಾರಕ್ಕ ಬರ್ಲಿಕ್ಕೆ ಆಗೋರು ಅಮಾಸಿ ಒಳಗ ಫೋನ್ ಮಾಡ್ರಿ. ಹಳೇ ಚಾದರ ಇದ್ರ ತರ್ರಿ.