ಕೊಟ್ಟೆಯಿಂದ ಮೈಲುತುತ್ತದವರೆಗೆ: ಕಾರವಾರ, ಅಂಕೋಲೆಯ ಬೆಳೆರೋಗಗಳ ಚರಿತ್ರೆ

ಕಾರವಾರ ಮತ್ತು ಅಂಕೋಲಾ ತಾಲೂಕುಗಳಲ್ಲಿ ಬೆಳೆಯ ರೋಗಗಳನ್ನು ಮಳೆಯಿಂದ ಬೇರೆ ಮಾಡಿ ನೋಡಲು ಬರುವುದಿಲ್ಲ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಘಟ್ಟಕ್ಕೂ ಕಡಲಿಗೂ ನಡುವಿನ ನೆಲ ಕಿರಿದು. ಕಾರವಾರದಲ್ಲಂತೂ ಗುಡ್ಡವೇ ಸಮುದ್ರದ ಅಂಚಿಗೆ ಬಂದು ನಿಂತಿದೆ. ಇಷ್ಟು ಕಿರಿದಾದ ನೆಲದಲ್ಲಿ ಹಿನ್ನೀರಿನ ಗಜನಿ ಗದ್ದೆ, ದಂಡೆಯ ತೆಂಗು, ಗುಡ್ಡದ ಮಾವು ಮತ್ತು ಗೇರು, ಕಣಿವೆಯ ಅಡಿಕೆ ಎಲ್ಲವೂ ಇವೆ. ಒಂದೊಂದು ಬೆಳೆಗೂ ಅದರದೇ ಬಾಧೆ, ಒಂದೊಂದು ಬಾಧೆಗೂ ಅದರದೇ ಕಾಲ. ಆ ಕಾಲವನ್ನು ಗುರುತಿಸಿಕೊಂಡವರು ಬೆಳೆ ಉಳಿಸಿಕೊಂಡರು.

ಗಂಗಾವಳಿ, ಕಾಳಿ ನದಿಗಳ ಹಿನ್ನೀರಿನ ಪಕ್ಕದ ತಗ್ಗು ಭೂಮಿಯೇ ಗಜನಿ. ಭರತದ ಉಪ್ಪುನೀರು ಒಳಗೆ ಬರದಂತೆ ಒಡ್ಡು ಕಟ್ಟಿ, ತೂಬಿನ ಹಲಗೆಯಿಂದ ನೀರನ್ನು ಹಿಡಿದು ಬಿಟ್ಟು ಮಾಡುವ ಬೇಸಾಯ ಇಲ್ಲಿಯದು. ಮಳೆನೀರು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಕಗ್ಗ ಭತ್ತ ಬಿತ್ತುತ್ತಿದ್ದರು. ಕಗ್ಗ ಎತ್ತರದ ಪೈರು, ಉಪ್ಪನ್ನೂ ನೆರೆಯನ್ನೂ ತಾಳುತ್ತದೆ. ಕೊಯ್ಲಾದ ಮೇಲೆ ತೂಬು ತೆರೆದು ಉಪ್ಪುನೀರು ಬಿಟ್ಟರೆ ಗದ್ದೆಯೇ ಮೀನು, ಸಿಗಡಿಯ ಕೊಳವಾಗುತ್ತಿತ್ತು. ಭತ್ತದ ಕಾಂಡಕೊರಕದ ಮರಿಗಳು ಕೊಯ್ಲಿನ ನಂತರ ಕೂಳೆಯೊಳಗೆ ಅಡಗಿ ಮುಂದಿನ ಬೆಳೆಗೆ ಕಾಯುತ್ತವೆ. ತಿಂಗಳುಗಟ್ಟಲೆ ನೀರಿನಲ್ಲಿ ಮುಳುಗಿ ಕೊಳೆಯುವ ಕೂಳೆಯಲ್ಲಿ ಅವು ಉಳಿಯಲಾರವು. ಕೊಳೆತ ಕೂಳೆ ಮೀನಿಗೆ ಮೇವಾಗಿ, ಮಣ್ಣಿಗೆ ಗೊಬ್ಬರವೂ ಆಗುತ್ತಿತ್ತು. ಇಲ್ಲಿ ರೈತನಿಗೆ ಹುಳಕ್ಕಿಂತ ಹೆಚ್ಚು ಕಾಟ ಕೊಟ್ಟದ್ದು ಒಡ್ಡಿನಲ್ಲಿ ಬಿಲ ತೋಡುವ ಏಡಿ. ಒಂದು ಬಿಲ ದೊಡ್ಡದಾದರೆ ಇಡೀ ಬಯಲಿಗೆ ಉಪ್ಪುನೀರು ನುಗ್ಗುತ್ತದೆ. ಆದ್ದರಿಂದ ಒಡ್ಡು ಕಾಯುವುದು ಒಬ್ಬನ ಕೆಲಸವಾಗಿರದೆ ಊರಿನ ಕೆಲಸವಾಗಿತ್ತು.

ಕಣಿವೆಯ ಅಡಿಕೆಯ ಕಥೆ ಬೇರೆ. ಅಂಕೋಲೆಯ ಅಚವೆ, ಹಿಲ್ಲೂರು, ಡೋಂಗ್ರಿಯಂಥ ಒಳನಾಡಿನ ಊರುಗಳಲ್ಲಿ, ಘಟ್ಟದ ಮೇಲಿನ ಯಲ್ಲಾಪುರ, ಶಿರಸಿಯ ತೋಟಗಳಲ್ಲಿ ಇದ್ದಂತೆ, ಮಳೆಗಾಲದ ದೊಡ್ಡ ಭಯ ಕೊಳೆರೋಗ. ಆಷಾಢದ ಮಳೆ ಹಿಡಿದು ಎರಡು ಮೂರು ವಾರವಾಗುವಾಗ ಎಳೆಯ ಕಾಯಿಯ ತೊಟ್ಟಿನ ಬಳಿ ನೀರು ಕುಡಿದಂಥ ಕಲೆ ಕಾಣುತ್ತದೆ. ಹಸಿರು ಕಪ್ಪಾಗುತ್ತದೆ, ಕಾಯಿ ಉದುರುತ್ತದೆ, ಉದುರಿದ ಕಾಯಿಯ ಮೇಲೆ ಬಿಳಿಯ ಬೂಷ್ಟು ಹಬ್ಬುತ್ತದೆ. ಬಿಡದೆ ಸುರಿವ ಮಳೆಗಿಂತ, ನಡುನಡುವೆ ಬಿಸಿಲು ಕಾಣಿಸಿ ಮತ್ತೆ ಹೊಯ್ಯುವ ಮಳೆ ಇದಕ್ಕೆ ಹೆಚ್ಚು ಅನುಕೂಲ. ಕೆಲವೇ ದಿನಗಳಲ್ಲಿ ಕೊನೆಗೆ ಕೊನೆಯೇ ಬರಿದಾಗಬಹುದು.

ಇದಕ್ಕೆ ಹಳಬರ ಉಪಾಯ ಕೊಟ್ಟೆ. ಬೆಟ್ಟದ ಕರಡದ ಹುಲ್ಲನ್ನು ಕೊಯ್ದು ಹೆಣೆದು, ಮಳೆಗಾಲಕ್ಕೆ ಮುಂಚೆ ಮರ ಹತ್ತಿ ಒಂದೊಂದು ಕೊನೆಗೂ ಗೊರಬೆಯಂತೆ ಹೊದಿಸಿ ಕಟ್ಟುತ್ತಿದ್ದರು. ರೋಗ ಹರಡುವುದು ಬರಿಗಣ್ಣಿಗೆ ಕಾಣದ, ನೀರಿನಲ್ಲಿ ಈಜುವ ಬೀಜಕಣಗಳಿಂದ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಕಾಯಿಗೆ ನೀರು ತಾಗದಿದ್ದರೆ ಕೊಳೆಯದು ಎಂಬುದು ಮಾತ್ರ ಗೊತ್ತಿತ್ತು. ಕಾರಣ ತಿಳಿಯದೆಯೂ ಮದ್ದು ಸರಿಯಾಗಿತ್ತು, ಏಕೆಂದರೆ ನೋಟ ಸರಿಯಾಗಿತ್ತು. ಕೊಟ್ಟೆಗೆ ಬೇಕಾದ ಹುಲ್ಲು, ತೋಟಕ್ಕೆ ಹಾಸುವ ಸೊಪ್ಪು ಎರಡೂ ಸೊಪ್ಪಿನ ಬೆಟ್ಟದಿಂದಲೇ ಬರಬೇಕು. ಬ್ರಿಟಿಷ್ ಅರಣ್ಯ ಇಲಾಖೆ ಜಿಲ್ಲೆಯ ಕಾಡನ್ನು ಬಿಗಿ ಮಾಡಿದಾಗಲೂ 1 ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟದ ಸವಲತ್ತನ್ನು ಒಪ್ಪಬೇಕಾಯಿತು. ತೋಟದ ಆರೋಗ್ಯ ಬೆಟ್ಟದಲ್ಲಿದೆ ಎಂಬುದಕ್ಕೆ ಸರ್ಕಾರಿ ದಾಖಲೆಯಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ರೋಗದ ಮೂಲ ಗೊತ್ತಾದದ್ದು ಪಕ್ಕದ ಮೈಸೂರು ಸಂಸ್ಥಾನದಲ್ಲಿ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಲಾಗಿತ್ತು, ಕಾರವಾರ ಜಿಲ್ಲಾ ಕೇಂದ್ರವಾಗಿತ್ತು. ಅಡಿಕೆ ತೋಟಗಳು ಮಾತ್ರ ಈ ಗಡಿಯನ್ನು ಲೆಕ್ಕಿಸದೆ ಮೈಸೂರಿನ ಮಲೆನಾಡಿಗೂ ಹಬ್ಬಿದ್ದವು. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸರ್ಕಾರದ ಶಿಲೀಂಧ್ರ ಮತ್ತು ಕೀಟ ತಜ್ಞರಾಗಿ ಬಂದರು, ಮುಂದೆ ಅಲ್ಲಿಯ ಕೃಷಿ ಇಲಾಖೆಯ ನಿರ್ದೇಶಕರೂ ಆದರು. ಕೊಳೆರೋಗದ ಬಗ್ಗೆ ಅವರ ವರದಿ 1910ರಲ್ಲಿ ಪ್ರಕಟವಾಯಿತು. ರೋಗಕಾರಕ ಫೈಟಾಫ್ತೊರ ಜಾತಿಯದು; ಐರ್ಲೆಂಡಿನಲ್ಲಿ 1845ರಿಂದ ಆಲೂಗಡ್ಡೆಯನ್ನು ಕೊಳೆಸಿ ಮಹಾಕ್ಷಾಮ ತಂದದ್ದು ಅದರ ಹತ್ತಿರದ ಬಂಧು. ಮರದಲ್ಲೇ ಒಣಗಿ ಉಳಿದ ಕೊನೆ, ಬುಡದಲ್ಲಿ ಬಿದ್ದ ಕಾಯಿ, ಸುಳಿ ಸತ್ತ ಮರ ಇವೇ ಮುಂದಿನ ವರ್ಷದ ರೋಗಕ್ಕೆ ತವರು. ಆದ್ದರಿಂದ ಅವನ್ನು ಆರಿಸಿ ಸುಡಬೇಕು, ಅದೂ ಒಬ್ಬರ ತೋಟದಲ್ಲಿ ಮಾಡಿದರೆ ಸಾಲದು.

ಮದ್ದು ಬಂದದ್ದು ಇನ್ನೂ ದೂರದಿಂದ. ಫ್ರಾನ್ಸಿನ ಬೋರ್ಡೊ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕೀಳದಂತೆ ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಎರಚುವ ರೂಢಿಯಿತ್ತು. ಆ ಬಳ್ಳಿಗಳಿಗೆ ಮಾತ್ರ ಬೂಷ್ಟು ರೋಗ ತಗಲದ್ದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿ, 1885ರಲ್ಲಿ ಆ ಮಿಶ್ರಣವನ್ನು ಲೋಕಕ್ಕೆ ತಿಳಿಸಿದರು. ದ್ರಾಕ್ಷಿಯ ನಾಡಿನ ಮಳೆಯೇ ಬೇರೆ, ನಮ್ಮ ಆಷಾಢವೇ ಬೇರೆ. ಇಲ್ಲಿಯ ಜಡಿಮಳೆಗೆ ಬರಿಯ ಬೋರ್ಡೋ ದ್ರಾವಣ ತೊಳೆದು ಹೋಗುತ್ತಿತ್ತು. ರಾಳ ಮತ್ತು ಸೋಡಾ ಸೇರಿಸಿ ಅದು ಕಾಯಿಗೆ ಅಂಟಿಕೊಳ್ಳುವಂತೆ ಮಾಡಿದ್ದು ಕೋಲ್ಮನ್ ಅವರ ದೊಡ್ಡ ಕೆಲಸ.

ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಸುಣ್ಣವನ್ನು ತುತ್ತಕ್ಕೆ ಹೊಯ್ಯಬಾರದು. ಉಜ್ಜಿದ ಕತ್ತಿಯನ್ನು ಅದ್ದಿ ತೆಗೆದಾಗ ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಮೊದಲ ಮದ್ದು ಮಳೆ ಹಿಡಿಯುವ ಮುಂಚೆ, ಎರಡನೆಯದು 40–45 ದಿನಗಳ ಮೇಲೆ. ಈ ಮದ್ದು ರೋಗ ಬಾರದಂತೆ ತಡೆಯುತ್ತದೆ, ಬಂದ ರೋಗವನ್ನು ಗುಣಪಡಿಸುವುದಿಲ್ಲ. ಮಳೆ ಬಿಡುವು ಕೊಡದೆ ಎರಡನೆಯ ಮದ್ದು ತಡವಾದ ವರ್ಷಗಳಲ್ಲೇ ತೋಟಗಳು ಹಾಳಾದದ್ದು. ಮರದಿಂದ ಮರಕ್ಕೆ ದಾಟುತ್ತ ಮದ್ದು ಹೊಡೆಯುವ ಕೊನೆಗೌಡನ ಕೈಚಳಕವಿಲ್ಲದೆ ಕೋಲ್ಮನ್ನರ ಶೋಧ ಕಾಗದದ ಮೇಲೆಯೇ ಉಳಿಯುತ್ತಿತ್ತು. ನೂರು ವರ್ಷಗಳ ಸಿಂಪಡಣೆಗೆ ಒಂದು ಬೆಲೆಯೂ ಇದೆ: ಮೈಲುತುತ್ತದ ತಾಮ್ರ ಕರಗಿ ಮಾಯವಾಗುವ ವಸ್ತುವಲ್ಲ, ತೋಟದ ಮಣ್ಣಿನಲ್ಲಿ ಕೂಡುತ್ತ ಹೋಗುತ್ತದೆ. ಬಿದ್ದ ಕಾಯಿ ಆರಿಸುವ, ಬಸಿಗಾಲುವೆ ಬಿಡಿಸುವ ಕೆಲಸವನ್ನು ಬಿಟ್ಟು ಮದ್ದೊಂದನ್ನೇ ನಂಬಿದಲ್ಲಿ ಈ ಬೆಲೆ ಹೆಚ್ಚು.

ದಂಡೆಯ ತೆಂಗಿನ ಶತ್ರು ಸುಳಿ ಕೊರೆಯುವ ಕುರುವಾಯಿ ದುಂಬಿ. ಅದು ಸುಳಿಯನ್ನು ತಿಂದ ಗಾಯದಲ್ಲಿ ಕೆಂಪು ಮೂತಿ ಹುಳು ಮೊಟ್ಟೆಯಿಡುತ್ತದೆ, ಮರ ಸಾಯುವುದು ಈ ಎರಡನೆಯದರಿಂದ. ದುಂಬಿ ಹುಟ್ಟುವುದು ಗೊಬ್ಬರಗುಂಡಿಯಲ್ಲಿ ಎಂಬುದು ತಿಳಿದಿದ್ದರೆ ಅರ್ಧ ಕೆಲಸ ಆದಂತೆ. ಕಬ್ಬಿಣದ ಕೊಕ್ಕೆಯಿಂದ ದುಂಬಿಯನ್ನು ಎಳೆದು ತೆಗೆಯುವುದು, ಎಳೆಯ ಗರಿಗಳ ಸಂದಿಗೆ ಮರಳಿನೊಡನೆ ಬೇವಿನ ಹಿಂಡಿ ತುಂಬುವುದು, ಗುಂಡಿಗೆ ಮೆಟರೈಜಿಯಂ ಶಿಲೀಂಧ್ರ ಬೆರೆಸುವುದು ಇಂದಿಗೂ ನಡೆದಿದೆ. 1963ರಲ್ಲಿ ಮಲೇಷ್ಯಾದಲ್ಲಿ ಈ ದುಂಬಿಯನ್ನು ಕೊಲ್ಲುವ ವೈರಾಣು ಸಿಕ್ಕಿತು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಅದನ್ನು ಲಕ್ಷದ್ವೀಪದಲ್ಲಿ ಬಿಟ್ಟು ಒಳ್ಳೆಯ ಫಲ ಕಂಡಿತು.

2023ರಲ್ಲಿ ಭೌಗೋಳಿಕ ಗುರುತು ಪಡೆದ ಅಂಕೋಲೆಯ ಕರಿ ಈಶಾಡ ಮಾವಿಗೆ, ಎಲ್ಲ ಮಾವಿಗೂ ಇರುವಂತೆ, ಹೂವಿನಲ್ಲಿ ಜಿಗಿಹುಳು, ಹಣ್ಣಿನಲ್ಲಿ ನೊಣ. ಹಣ್ಣುನೊಣದ ಗಂಡನ್ನು ಸೆಳೆಯುವ ಮೀಥೈಲ್ ಯೂಜಿನಾಲ್ ಎಂಬ ವಸ್ತುವಿನ ಗುಣವನ್ನು 1915ರಲ್ಲಿ ಬಿಹಾರದ ಪೂಸಾ ಸಂಸ್ಥೆಯ ಹೌಲೆಟ್ ತೋರಿಸಿದರು. ಮರಕ್ಕೆ ನೇತು ಹಾಕುವ ಇಂದಿನ ಮೋಹಕ ಬಲೆ ಅದರಿಂದ ಬಂದದ್ದು. ಅದೇ ವಸ್ತು ಅಂಗಳದ ತುಳಸಿಯಲ್ಲೂ ಇದೆ.

ಪೋರ್ಚುಗೀಸರು ಗೋವೆಗೆ ತಂದ ಗೇರು ಗಡಿ ದಾಟಿ ಈ ಗುಡ್ಡಗಳನ್ನು ಸೇರಿತು. ಅದರ ಚಿಗುರನ್ನೂ ಹೂವನ್ನೂ ಒಣಗಿಸುವುದು ಟೀ ಸೊಳ್ಳೆ ಎಂಬ ಕೀಟ. ಎಲೆಗಳನ್ನು ಹೊಲಿದು ಗೂಡು ಕಟ್ಟುವ ಚಗಳಿ ಇರುವೆ ಇರುವ ಮರದಲ್ಲಿ ಟೀ ಸೊಳ್ಳೆಯ ಕಾಟ ಕಡಿಮೆ. ಕಿತ್ತಳೆ ಮರಗಳ ಕಾವಲಿಗೆ ಈ ಇರುವೆಯ ಗೂಡುಗಳನ್ನು ಮಾರುತ್ತಿದ್ದರೆಂದು 4ನೇ ಶತಮಾನದ್ದೆನ್ನಲಾದ ಚೀನೀ ಗ್ರಂಥ ಹೇಳುತ್ತದೆ. ಉತ್ತರ ಕನ್ನಡದ ಕಾಡಂಚಿನ ಜನ ಚಗಳಿಯನ್ನು ಚಟ್ನಿ ಮಾಡಿ ಉಣ್ಣುತ್ತ ಬಂದವರು, ಅದರ ಗೂಡು ಯಾವ ಮರದಲ್ಲಿದೆ ಎಂದು ಬಲ್ಲವರು. ದೊಡ್ಡ ಗೇರು ತೋಟಗಳು ಮಾತ್ರ ಈ ತಿಳಿವಿನ ಕಡೆ ನೋಡಲಿಲ್ಲ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯಲಾಯಿತು. ಅಂಗವಿಕಲ ಕರುಗಳು ಹುಟ್ಟುತ್ತಿವೆ ಎಂದು ಪತ್ರಕರ್ತ ಶ್ರೀಪಡ್ರೆ 1980ರ ದಶಕದ ಆರಂಭದಲ್ಲೇ ಬರೆದರು. ಆ ಎಚ್ಚರಿಕೆಗೆ ಕಿವಿಗೊಡಲು ಮೂರು ದಶಕ ಹಿಡಿಯಿತು. 2011ರಲ್ಲಿ ಕರ್ನಾಟಕ ಸರ್ಕಾರ, ಬೆನ್ನಿಗೇ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿದವು. ಬಾಧಿತರ ಸರ್ಕಾರಿ ಪಟ್ಟಿಯಲ್ಲಿ ದಕ್ಷಿಣ ಕನ್ನಡ, ಉಡುಪಿಗಳ ಜೊತೆ ಉತ್ತರ ಕನ್ನಡವೂ ಇದೆ. ಪಟ್ಟಿಯಲ್ಲಿರುವವರಿಗೆ ಸರ್ಕಾರ ಮಾಸಾಶನ ಕೊಡುತ್ತದೆ.